ಐವತ್ತು ಲೀಟರ್ ಹೊರಗಾಳಿ

"ಕೈ ಹಾಕು," ಎಂದಳು ಚಿಕ್ಕಮ್ಮ.

"ಎಲ್ಲಿಗೆ?"

"ಡ್ರಮ್ಮಿಗೆ ಕಣೇ. ತಳ ಮುಟ್ಟಿ ಹೇಳು."

ಟ್ರೇಲರ್ ತೋಳು ಏರಿಸಿಕೊಂಡು ನೀಲಿ ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಭುಜದವರೆಗೂ ಬಗ್ಗಿದಳು. ಬೆರಳಿಗೆ ಸಿಕ್ಕಿದ್ದು ಒಂದಿಷ್ಟು ತಣ್ಣನೆಯ ಪಸೆ. ಅಷ್ಟೇ.

"ಏನೂ ಇಲ್ಲ. ಒಂದು ಲೋಟ ಕೂಡ ತುಂಬಲ್ಲ."

"ಹೊರಗೆ ಮಳೆ ಇದೆಯಾ?"

"ನಿನ್ನೆಯಿಂದ ಜಿಟಿಜಿಟಿ ಬಿಟ್ಟಿಲ್ಲ. ನನ್ನ ಚಪ್ಪಲಿ ಕೇಳು, ಹೇಳುತ್ತೆ."

"ಎಸಿ ನಡೀತಿದೆಯಾ?"

ಅದನ್ನು ಕೇಳುವ ಅಗತ್ಯವೇ ಇರಲಿಲ್ಲ. ಆಳೆತ್ತರದ ತಗಡಿನ ಯಂತ್ರ ಅವರಿಬ್ಬರ ಬೆನ್ನ ಹಿಂದೆಯೇ ಗುಂಯ್ ಎನ್ನುತ್ತಿತ್ತು. ಅದರ ಹೊಟ್ಟೆಯಿಂದ ಹೊರಟ ಸಣ್ಣ ಪೈಪು ಡ್ರಮ್ಮಿನ ಬಾಯಿಗೆ ಬಂದು ನಿಂತಿತ್ತು. ಪೈಪಿನ ತುದಿಯಲ್ಲಿ ಒಂದೇ ಒಂದು ಹನಿ, ಬೀಳಲೋ ಬೇಡವೋ ಎಂದು ತೂಗಾಡುತ್ತಿತ್ತು.

"ಹಾಗಾದ್ರೆ ನಿನ್ನ ಭಾವ ಹೊರಗೆ ಬರೋ ದಾರಿ ಈ ಡ್ರಮ್ಮೊಳಗೇ ಇದೆ," ಎಂದಳು ಚಿಕ್ಕಮ್ಮ.

ಭಾವ ಈ ಪ್ರೆಸ್ಸಿನ ಗೇಟ್ ಸೂಪರ್ವೈಸರ್. ರಜೆಯ ದಿನ, ಬೀಗ ಹಾಕಿದ ಪ್ರಿಂಟಿಂಗ್ ಹಾಲಿನಿಂದ ದೊಡ್ಡ ನೌಕರಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಹೊರಬಿದ್ದಿತ್ತು. ಬೀಗದ ಕೈ ಇದ್ದದ್ದು ಭಾವನ ಸೊಂಟದಲ್ಲಿ. ಇವತ್ತು ಸಂಜೆಯೊಳಗೆ ಬೇರೆ ದಾರಿ ತೋರಿಸದಿದ್ದರೆ ಪೊಲೀಸರು ಅವನನ್ನು ಕೋರ್ಟಿಗೆ ಹಾಜರುಪಡಿಸಿ ಒಳಗೆ ಹಾಕುವವರಿದ್ದರು.

ಟ್ರೇಲರ್ ಅವನ ನಾದಿನಿ, ಹೆಂಡತಿಯ ತಂಗಿ. ಯಾವ ಸಿನಿಮಾಕ್ಕೆ ಹೋದರೂ ಇಂಟರ್ವಲ್ಲಿಗೆ ಮುಂಚೆಯೇ ಕೊಲೆಗಾರ ಯಾರೆಂದು ಕೂಗಿ, ಮುಂದಿನ ಸಾಲಿನವರಿಂದ ಪಾಪ್‌ಕಾರ್ನ್ ಏಟು ತಿಂದು ಗಳಿಸಿದ ಹೆಸರು ಅದು. ಈಗ ಅದೇ ಚಟಕ್ಕೆ ಬೋರ್ಡು ಹಾಕಿಕೊಂಡಿದ್ದಾಳೆ: ಖಾಸಗಿ ಪತ್ತೇದಾರಿ. ಬೋರ್ಡು ಹೊಸದು, ಕೇಸುಗಳೆಲ್ಲ ಹಳೇ ಮೊಬೈಲ್ ಕಳೆದುಹೋದಂಥವು. ಮೊದಲ ದೊಡ್ಡ ಕೇಸೇ ಮನೆಯದ್ದಾಗಿ ಬಂದು ಎದೆ ಮೇಲೆ ಕೂತಿತ್ತು.

ಅಮ್ಮನ ತಂಗಿಯಾದ ಚಿಕ್ಕಮ್ಮ ಇಂಜಿನಿಯರ್. ಯಾವ ಕಟ್ಟಡಕ್ಕೆ ಎಷ್ಟು ಟನ್ ಎಸಿ ಬೇಕೆಂದು ಲೆಕ್ಕ ಹಾಕುವುದು ಅವಳ ಕೆಲಸ. ಮನೆಮಂದಿಗೆಲ್ಲ ಅವಳು ಟನ್ ಚಿಕ್ಕಮ್ಮ. ಹೊಸಬರು ಆ ಹೆಸರು ಕೇಳಿ ದೊಡ್ಡ ಆಕಾರವನ್ನು ಊಹಿಸಿಕೊಂಡು ಬಾಗಿಲು ತೆರೆದರೆ ಎದುರಿಗೆ ನಿಂತಿರುತ್ತಿದ್ದದ್ದು ಕೊಡೆ ಕಡ್ಡಿಯಂಥ ಹೆಂಗಸು.

"ಬಿಡಿಸಿ ಹೇಳು," ಎಂದಳು ಟ್ರೇಲರ್. "ನಂಗೆ ಟಿಕೆಟ್ ಕೌಂಟರ್ ಲೆಕ್ಕ ಬಿಟ್ಟು ಬೇರೆ ಬರಲ್ಲ."

"ಹೊರಗಿನ ಗಾಳಿ ಒಳಗೆ ಬಂದ್ರೆ ಎಸಿಗೆ ಎರಡು ಕೆಲಸ. ಒಂದು, ಅದರ ಬಿಸಿ ಇಳಿಸೋದು. ಇನ್ನೊಂದು, ಅದು ಹೊತ್ಕೊಂಡು ಬಂದ ತೇವ ಹಿಂಡೋದು. ಎರಡೂ ಸೇರಿದ್ರೇನೇ ಹೊರಗಾಳಿಯ ಭಾರ."

"ಅಂದ್ರೆ ಡಬಲ್ ಆಕ್ಟಿಂಗ್. ಬಿಸಿ ಅಣ್ಣ, ತೇವ ತಮ್ಮ."

"ಹೂಂ. ಥರ್ಮಾಮೀಟರ್ ಕಣ್ಣಿಗೆ ಬೀಳೋದು ಅಣ್ಣ ಮಾತ್ರ. ತಮ್ಮ ಕದ್ದು ಬಂದು ಈ ಡ್ರಮ್ಮಿಗೆ ಬೀಳ್ತಾನೆ. ಜನ ಕೆಲಸ ಮಾಡೋ ದಿನ ಉಸಿರಾಡೋಕೆ ಅಂತ ಮೇಲಿನ ಕಿಂಡಿಯಿಂದ ಹೊರಗಾಳಿ ಬಿಡ್ತಾರೆ, ಆಗ ಡ್ರಮ್ ತುಂಬುತ್ತೆ. ರಜೆ ದಿನ ಕಿಂಡಿ ಮುಚ್ಚಿರುತ್ತೆ. ಒಳಗಿನ ಗಾಳೀನೇ ಸುತ್ತಿ ಸುತ್ತಿ ಬರುತ್ತೆ. ಆಗ ನೀರೆಲ್ಲಿಂದ ಬರಬೇಕು? ಇವತ್ತು ನೋಡು, ಪೊಲೀಸರು ಹಾಲ್ ಸೀಲ್ ಮಾಡಿದ್ದಾರೆ, ಹೊರಗೆ ಮಳೆ ಸುರೀತಿದೆ, ಡ್ರಮ್ ಒಣಗಿದೆ."

"ಆ ರಜೆ ದಿನ?"

ಉತ್ತರ ಬಾಗಿಲಿಂದ ಬಂತು. ನೆಲ ಒರೆಸುವ ಆಯಮ್ಮ ಕೋಲು ಊರಿಕೊಂಡು ನಿಂತಿದ್ದಳು. ಎಸಿಯ ಈ ನೀರನ್ನೇ ಹಿಡಿದಿಟ್ಟು ಪ್ರೆಸ್ಸಿನ ನೆಲ ಒರೆಸುವವಳು ಅವಳು.

"ಆ ರಜೆ ದಿನ ಕೆರೆ ಕೋಡಿ ಬಿದ್ದಿತ್ತು ಕಣಮ್ಮ. ಹಿಂದಿನ ಸಂಜೆ ಡ್ರಮ್ ಬೋರಲು ಹಾಕಿ, ಬಡಿದು, ಮತ್ತೆ ಇಟ್ಟು ಹೋಗಿದ್ದೆ. ರಜೆ ಮುಗಿಸಿ ಬಂದು ನೋಡ್ತೀನಿ, ಡ್ರಮ್ ತುಂಬಿ ಚೆಲ್ಲಿ ಈ ರೂಮೆಲ್ಲಾ ನೀರು."

"ಸರಿಯಾಗಿ ನೆನಪಿದೆಯಾ ಆಯಮ್ಮ?"

"ನೆನಪಿಲ್ದೆ? ನಮ್ಮ ಮ್ಯಾನೇಜರು, ಕೂಲ್ ಸಾರ್, ಬೈದಿದ್ದು ಇನ್ನೂ ಕಿವೀಲೇ ಇದೆ. ಡ್ರಮ್ ಖಾಲಿ ಮಾಡೋಕೆ ನಿಂಗೆ ಲಗ್ನಪತ್ರಿಕೆ ಕಳಿಸ್ಬೇಕಾ ಅಂದ್ರು. ಮಾಡಿದ್ದೆ ಸಾರ್ ಅಂದ್ರೆ ಯಾರು ಕೇಳ್ತಾರೆ?"

"ಮಾಮೂಲಿ ರಜೇಲಿ ಎಷ್ಟು ನೀರಿರುತ್ತೆ?"

"ಹಲ್ಲಿ ಬಾಯಾರಿಕೆಗೆ ಆಗೋಷ್ಟು."

"ಇದನ್ನ ಪೊಲೀಸರಿಗೆ ಹೇಳಿದ್ರಾ?"

"ಯಾರು ಬಂದ್ರು, ಯಾರು ಹೋದ್ರು ಅಂತ ಕೇಳಿದ್ರು. ನೀರು ಬಂತಾ ಅಂತ ಯಾರೂ ಕೇಳ್ಲಿಲ್ಲ."

ಚಿಕ್ಕಮ್ಮ ಡ್ರಮ್ಮಿನ ಪಕ್ಕಕ್ಕೆ ಕೂತು ಅದರ ಮೈಮೇಲಿನ ಅಚ್ಚು ಓದಿದಳು. ಐವತ್ತು ಲೀಟರ್. ಅವಳ ತುಟಿಗಳು ಸದ್ದಿಲ್ಲದೆ ಅಲುಗಾಡತೊಡಗಿದವು. ಈ ಮುಖವನ್ನು ಟ್ರೇಲರ್ ಚಿಕ್ಕಂದಿನಿಂದ ಬಲ್ಲಳು. ಈಗ ಕರೆದರೂ ಚಿಕ್ಕಮ್ಮ ಮನೆಯಲ್ಲಿಲ್ಲ.

*

ಪ್ರಿಂಟಿಂಗ್ ಹಾಲಿಗೆ ಎರಡೇ ಬಾಗಿಲು.

ಮುಂದಿನದು ಭಾವ ಕಾಯುವ ಬಾಗಿಲು, ಅದರ ಮೇಲೆ ಕ್ಯಾಮೆರಾ. ರಜೆಯ ದಿನ ಆ ಕ್ಯಾಮೆರಾ ಕಂಡದ್ದು ಒಬ್ಬನನ್ನೇ: ಭಾವ ಊಟದ ಚೀಲ ಹೆಗಲಿಗೆ ಹಾಕಿಕೊಂಡು ಒಂದು ರೌಂಡ್ ಒಳಗೆ ಹೋದ, ಹತ್ತು ನಿಮಿಷಕ್ಕೆ ಹೊರಗೆ ಬಂದ. ಆಮೇಲೆ ಸಂಜೆಯವರೆಗೂ ಗೇಟಿನ ಕುರ್ಚಿಯಲ್ಲೇ ಕೂತಿದ್ದ.

ಹಿಂದಿನದು ಎಮರ್ಜೆನ್ಸಿ ಬಾಗಿಲು. ಅಡ್ಡ ಸರಳು ಒತ್ತಿದರೆ ಹಿಂದಿನ ಓಣಿಗೆ ತೆರೆದುಕೊಳ್ಳುತ್ತದೆ. ಅಲ್ಲಿ ಕ್ಯಾಮೆರಾ ಇಲ್ಲ. ತೆರೆದರೆ ಕಿರುಚಬೇಕಾದ ಅಲಾರಂ ಇದೆ, ಆದರೆ ಅದರ ವೈರು ಕಿತ್ತು ಜೋತಾಡುತ್ತಿತ್ತು. ತುದಿಯಲ್ಲಿ ಜೇಡ ಮನೆ ಕಟ್ಟಿ ಮರಿ ಮಾಡಿ ಮೊಮ್ಮಕ್ಕಳನ್ನೂ ಕಂಡಿತ್ತು.

ಇನ್ಸ್‌ಪೆಕ್ಟರ್ ಅನುಮತಿ ಕೊಟ್ಟಿದ್ದ, ಜೊತೆಗೊಬ್ಬ ಕಾನ್ಸ್‌ಟೇಬಲ್ಲನ್ನೂ ಕಳಿಸಿದ್ದ. ಟ್ರೇಲರ್ ಹಾಲಿನೊಳಗೆ ನಿಧಾನವಾಗಿ ನಡೆದಳು. ಯಂತ್ರಗಳ ನಡುವೆ ಬಿಳಿ ಕಾಗದದ ಅಟ್ಟಿಗಳು ಎದೆಮಟ್ಟ ನಿಂತಿದ್ದವು. ಒಣ, ತಣ್ಣನೆಯ ಗಾಳಿ. ಕಾಗದ ತೇವ ಕುಡಿದರೆ ಸುರುಳಿಕೊಂಡು ಯಂತ್ರಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಇಲ್ಲಿ ಜನರಿಲ್ಲದ ದಿನವೂ ಎಸಿ ನಿಲ್ಲುವುದಿಲ್ಲ. ಮನುಷ್ಯರಿಗೆ ಫ್ಯಾನು, ಕಾಗದಕ್ಕೆ ಎಸಿ. ಅದೂ ನ್ಯಾಯವೇ ಅನ್ನಿ.

ಹಿಂದಿನ ಬಾಗಿಲ ಹತ್ತಿರದ ಅಟ್ಟಿಯ ಮುಂದೆ ಅವಳ ಕಾಲು ನಿಂತಿತು.

"ಚಿಕ್ಕಮ್ಮ, ಇಲ್ಲಿ ಬಾ. ಈ ಅಟ್ಟಿ ನನ್ನ ನೋಡಿ ಮೂತಿ ತಿರುವ್ತಿದೆ."

ಉಳಿದ ಅಟ್ಟಿಗಳ ಅಂಚು ಇಸ್ತ್ರಿ ಹಾಕಿದ ಹಾಗಿತ್ತು. ಇದೊಂದರ ಮೇಲಿನ ಹಾಳೆಗಳು ಮಾತ್ರ ಮೂಲೆಯಲ್ಲಿ ತುಟಿ ಕೊಂಕಿಸಿ ಮೇಲೆದ್ದಿದ್ದವು. ಅದೂ ಬಾಗಿಲ ಕಡೆಗೆ ಮುಖ ಮಾಡಿದ ಮೂಲೆ. ಇನ್ನೊಂದು ಮೂಲೆ ನೆಟ್ಟಗೇ ಇತ್ತು.

ಚಿಕ್ಕಮ್ಮ ಹಾಳೆಯನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದಳು, ಆಮೇಲೆ ಬಾಗಿಲಿನ ಬುಡ ನೋಡಿದಳು. ಚೌಕಟ್ಟಿನ ಕೆಳಗೆ, ಬಣ್ಣ ಎದ್ದುಹೋಗಿ, ಮರದ ತುಂಡೊಂದು ಸಿಕ್ಕಿಸಿಟ್ಟ ಹೊಸ ಗಾಯ.

"ಅಡ್ಡ ಕೊಟ್ಟು ನಿಲ್ಸಿದ್ದಾರೆ. ಇಷ್ಟಗಲ." ಅವಳು ಗೇಣು ಹಾಕಿ ತೋರಿಸಿದಳು. "ಕಾನ್ಸ್‌ಟೇಬಲ್ರೇ, ಸ್ವಲ್ಪ ಇಷ್ಟೇ ತೆಗೆದು ಹಿಡ್ಕೋತೀರಾ?"

ಕಾನ್ಸ್‌ಟೇಬಲ್ ಸರಳು ಒತ್ತಿ ಬಾಗಿಲನ್ನು ಗೇಣಗಲ ತಳ್ಳಿ ಹಿಡಿದುಕೊಂಡ. ಮಳೆಯ ವಾಸನೆ ಒಳಗೆ ನುಗ್ಗಿತು. ಚಿಕ್ಕಮ್ಮ ಚೀಲದಿಂದ ಗಾಳಿ ಅಳೆಯುವ ಪುಟ್ಟ ಫಿರ್ಕಿ ತೆಗೆದು ಸಂದಿಗೆ ಹಿಡಿದಳು. ಮೇಲೆ, ನಡುವೆ, ಕೆಳಗೆ. ಫಿರ್ಕಿ ಆರಾಮಾಗಿ ತಿರುಗಿತು.

ಟ್ರೇಲರ್ ಗೋಡೆಯ ಕಡೆ ತಿರುಗಿದಳು. ಬಾಗಿಲು ತೆರೆದು ಇಷ್ಟು ಹೊತ್ತಾದರೂ ಗೋಡೆಯ ಮೇಲಿನ ತಾಪಮಾಪಕ ಕದಲಲೇ ಇಲ್ಲ. ಇಪ್ಪತ್ತೆರಡು ಅಂದರೆ ಇಪ್ಪತ್ತೆರಡೇ.

"ಚಿಕ್ಕಮ್ಮ! ಅಣ್ಣ ಬರ್ಲೇ ಇಲ್ಲ!"

"ಹೂಂ," ಎಂದಳು ಚಿಕ್ಕಮ್ಮ. "ತಮ್ಮ ಒಬ್ಬನೇ ಬಂದ."

*

ಮೇಂಟೆನೆನ್ಸ್ ಮ್ಯಾನೇಜರನ ಕ್ಯಾಬಿನ್ ಮುಂದಿನ ಬೆಂಚಿನಲ್ಲಿ ಅಕ್ಕ ಕೂತಿದ್ದಳು. ಭಾವನ ಬಟ್ಟೆಬರೆಯ ಚೀಲ ಮಡಿಲಲ್ಲಿತ್ತು. ಮೂರು ದಿನದಿಂದ ತಲೆ ಬಾಚದ ಹಾಗಿದ್ದಳು.

"ಊಟ ಮಾಡಿದ್ಯಾ ಅಕ್ಕ?"

ಅಕ್ಕ ತಲೆ ಅಲ್ಲಾಡಿಸಿದಳು. ಹೌದೋ ಅಲ್ಲವೋ ತಿಳಿಯಲಿಲ್ಲ.

"ಭಾವನ್ನ ಇವತ್ತೇ ಮನೆಗೆ ಕರ್ಕೊಂಡು ಹೋಗ್ತೀಯ ನೀನು. ಆಟೋಗೆ ನಾನೇ ಕೊಡ್ತೀನಿ. ಮೀಟರ್ ಮೇಲೆ ಕೇಳಿದ್ರೂ ಕೊಡ್ತೀನಿ."

ಯಾವತ್ತೂ ಇಂಥ ಮಾತಿಗೆ ತಲೆ ಮೇಲೊಂದು ಮೊಟಕುತ್ತಿದ್ದ ಅಕ್ಕ ಇವತ್ತು ಅವಳ ಮುಂಗೈ ಹಿಡಿದು, ಏನೋ ಹೇಳಲು ಬಾಯಿ ತೆರೆದು, ಕ್ಯಾಬಿನ್ನಿನ ಬಾಗಿಲು ತೆರೆದದ್ದನ್ನು ನೋಡಿ ಬಿಟ್ಟುಬಿಟ್ಟಳು.

"ಬನ್ನಿ ಬನ್ನಿ, ಪತ್ತೇದಾರಿ ಮೇಡಂ," ಎಂದಿತು ಒಳಗಿನಿಂದ ದನಿ.

ಮ್ಯಾನೇಜರನನ್ನು ಇಡೀ ಪ್ರೆಸ್ಸು ಕೂಲ್ ಸರ್ ಎಂದು ಕರೆಯುತ್ತಿತ್ತು. ಎಂಥ ಗಲಾಟೆಯಲ್ಲೂ ಬೆವರದ ಮನುಷ್ಯ. ಮೂಲೆಯ ಕುರ್ಚಿಯಲ್ಲಿ ಇನ್ಸ್‌ಪೆಕ್ಟರ್ ಪೆನ್ನಿನ ಕ್ಯಾಪು ಕಚ್ಚುತ್ತಾ ಕೂತಿದ್ದ. ಅವನ ಪಕ್ಕ ಸ್ಥಳ ತೋರಿಸಲೆಂದು ಕರೆತಂದ ಭಾವ, ತಲೆ ತಗ್ಗಿಸಿ, ಎರಡು ಕೈಯೂ ತೊಡೆ ಮೇಲೆ. ಮನೆಯಲ್ಲಿ ಇದೇ ಮನುಷ್ಯ ಟಿವಿಯ ವಿಲನ್‌ಗಳಿಗೆ ಡಬ್ಬಿಂಗ್ ಕೊಟ್ಟು ಎಲ್ಲರನ್ನೂ ನಗಿಸುತ್ತಿದ್ದ.

"ನಿಮಗೆ ಹತ್ತು ನಿಮಿಷ," ಎಂದ ಇನ್ಸ್‌ಪೆಕ್ಟರ್. "ಹಿಂದಿನ ಬಾಗಿಲು ತೆರೆದಿತ್ತು ಅಂತ ತೋರಿಸಿ. ಇಲ್ಲಾಂದ್ರೆ ನಾನು ಇವರನ್ನ ಕರ್ಕೊಂಡು ಹೊರಡಬೇಕು."

ಕೂಲ್ ಸರ್ ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದ. ರಜೆಯ ದಿನದ ಹಾಲಿನ ತಾಪಮಾನ. ಬೆಳಿಗ್ಗೆಯಿಂದ ಸಂಜೆಯವರೆಗೂ ಒಂದೇ ಗೆರೆ, ಸ್ಕೇಲಿಟ್ಟು ಎಳೆದ ಹಾಗೆ.

"ನೋಡಮ್ಮ. ಬಾಗಿಲು ತೆಗೆದ್ರೆ ಹೊರಗಿನ ಗಾಳಿ ಬರುತ್ತೆ. ಗಾಳಿ ಬಂದ್ರೆ ಗೆರೆ ಏರುತ್ತೆ. ಗೆರೆ ಏರಿದೆಯಾ?"

"ಇಲ್ಲ ಸರ್."

"ಬಾಗಿಲು ತೆರೆದಿದೆಯಾ?"

"ಇಲ್ಲ ಅಂತ ಗೆರೆ ಹೇಳ್ತಿದೆ ಸರ್."

"ಅಷ್ಟೇ. ದಿ ಎಂಡ್."

"ಅಯ್ಯೋ ಸರ್, ಇನ್ನೂ ಟೈಟಲ್ ಕಾರ್ಡೇ ಮುಗಿದಿಲ್ಲ," ಎಂದಳು ಟ್ರೇಲರ್. "ಆ ದಿನ ಹೊರಗೆ ಎಷ್ಟಿತ್ತು ತಾಪಮಾನ?"

"ಅದಕ್ಕೂ ಇದಕ್ಕೂ..."

"ಆ ದಿನಾನೂ ಮಳೆ ಸರ್. ನಿಮ್ಮ ಕಂಪ್ಯೂಟರಲ್ಲೇ ಹೊರಗಿಂದೂ ಇದೆ. ಒತ್ತಿ."

ಅವನು ಒತ್ತಿದ. ಇನ್ನೊಂದು ಗೆರೆ ಮೂಡಿತು. ಮಧ್ಯಾಹ್ನದ ಹೊತ್ತಿಗೆ ಅದು ಇಳಿದು ಬಂದು ಮೊದಲ ಗೆರೆಯ ಹೆಗಲ ಮೇಲೆ ಕೈ ಹಾಕಿಕೊಂಡು ಜೊತೆಜೊತೆಗೇ ನಡೆದಿತ್ತು. ಹೊರಗೂ ಇಪ್ಪತ್ತೆರಡು. ಒಳಗೂ ಇಪ್ಪತ್ತೆರಡು.

ಇನ್ಸ್‌ಪೆಕ್ಟರ್ ಬಾಯಿಂದ ಕ್ಯಾಪು ತೆಗೆದ.

"ಅಂದ್ರೆ ಬಾಗಿಲು ಹಾರುಹೊಡೆದು ಬಿಟ್ಟಿದ್ರೂ ಗೆರೆ ಹೀಗೇ ಇರ್ತಿತ್ತು?"

"ಇರಬಹುದು," ಎಂದ ಕೂಲ್ ಸರ್. "ಇರಬಹುದು ಅಂದ ಮಾತ್ರಕ್ಕೆ ತೆರೆದಿತ್ತು ಅಂತ ಆಯ್ತಾ? ಹೊರಗೂ ಒಳಗೂ ವ್ಯತ್ಯಾಸ ಸೊನ್ನೆ ಅಂದ್ರೆ ಹೊರಗಾಳಿಯ ಭಾರಾನೂ ಸೊನ್ನೆ. ಬಾಗಿಲು ತೆರೆದಿತ್ತೋ ಮುಚ್ಚಿತ್ತೋ, ದೇವರೇ ಹೇಳಬೇಕು. ಸಾಕ್ಷಿ ಎಲ್ಲಿದೆ?"

ಅವನ ಹಿಂದೆ ಗೋಡೆಯ ಬಿಳಿ ಬೋರ್ಡಿನಲ್ಲಿ ಹಳೆಯ ಲೆಕ್ಕವೊಂದು ಒಣಗಿ ಕೂತಿತ್ತು. ಹೊರಗಾಳಿಯ ಭಾರ: ಗಾಳಿ ಗುಣಿಸು ತಾಪದ ವ್ಯತ್ಯಾಸ. ಕೆಳಗೆ ಎರಡು ಗೆರೆ, ಮುಗಿಯಿತು ಅನ್ನುವ ಹಾಗೆ.

ಚಿಕ್ಕಮ್ಮ ಎದ್ದು ಹೋಗಿ ಮಾರ್ಕರ್ ತೆಗೆದುಕೊಂಡಳು.

"ಮಳೆ ಬಂದಾಗೆಲ್ಲ ನಿಮ್ಮ ಯಂತ್ರ ಏದುಸಿರು ಬಿಡುತ್ತಲ್ಲ ಸರ್. ಯಾಕೆ ಅಂತ ಯೋಚಿಸಿದ್ದೀರಾ?"

"ಕಂಪನಿಯವರಿಗೆ ಮೂರು ಸಲ ಕಂಪ್ಲೇಂಟ್ ಕೊಟ್ಟಿದ್ದೀನಿ."

"ಪಾಪ, ಕಂಪನಿಯವರು." ಅವಳು ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಗಾಳಿ ಗುಣಿಸು ತೇವದ ವ್ಯತ್ಯಾಸ. "ಇದನ್ನ ಬಿಟ್ಟಿದ್ದೀರಿ. ಒಳಗಿನ ಒಂದು ಕಿಲೋ ಗಾಳೀಲಿ ಎಂಟು ಗ್ರಾಂ ನೀರಿರುತ್ತೆ. ಮಳೆ ದಿನ ಹೊರಗಿನ ಒಂದು ಕಿಲೋ ಗಾಳೀಲಿ ಹದಿನಾರು. ತಾಪ ಒಂದೇ ಇದ್ರೂ ಕಿಲೋಗೆ ಎಂಟು ಗ್ರಾಂ ಹೆಚ್ಚಿನ ನೀರನ್ನ ಯಂತ್ರ ಹಿಂಡಬೇಕು. ಇಲ್ಲಾಂದ್ರೆ ನಿಮ್ಮ ಕಾಗದ ಸುರುಳಿಕೊಳ್ಳುತ್ತೆ. ತಾಪದ ಸಾಲು ಸೊನ್ನೆ. ತೇವದ ಸಾಲು ಸೊನ್ನೆ ಅಲ್ಲ."

ಕೂಲ್ ಸರ್ ಹಣೆಯ ಮೇಲೆ, ಕೂದಲ ಬುಡದಲ್ಲಿ, ಹೊಳೆಯುವ ಚುಕ್ಕಿಯೊಂದು ಮೂಡಿತು.

"ಹಿಂಡಿದ ನೀರು ಎಲ್ಲಿ ಹೋಗುತ್ತೆ?" ಕೇಳಿದ ಇನ್ಸ್‌ಪೆಕ್ಟರ್.

"ಆಯಮ್ಮನ ಡ್ರಮ್ಮಿಗೆ," ಎಂದಳು ಟ್ರೇಲರ್. "ರಜೆ ಹಿಂದಿನ ಸಂಜೆ ಖಾಲಿ. ರಜೆ ಮುಗಿದ ಬೆಳಿಗ್ಗೆ ತುಂಬಿ ಚೆಲ್ಲಿತ್ತು. ಐವತ್ತು ಲೀಟರ್. ಯಾಕೆ ತುಂಬಿತು ಅಂತ ಈ ಸರ್‌ಗೆ ಗೊತ್ತಾಗ್ಲಿಲ್ಲ, ಆಯಮ್ಮಂಗೆ ಬೈದು ಕೈ ತೊಳ್ಕೊಂಡ್ರು. ಕೇಳಿ ಸರ್, ಬೈದ್ರೋ ಇಲ್ವೋ?"

"ಬೈದಿರಬಹುದು. ದಿನಾ ಬೈತೀನಿ. ಅವತ್ತು ಮೇಲಿನ ಕಿಂಡಿ ಮುಚ್ಚೋದು ಮರೆತಿರಬಹುದು, ಅಲ್ಲಿಂದ ಗಾಳಿ ಬಂದಿರುತ್ತೆ!"

"ಕಿಂಡಿಯಿಂದ ಬರೋ ಗಾಳಿ ನೇರ ಯಂತ್ರದೊಳಗೇ ಹೋಗುತ್ತೆ ಸರ್, ಒಣಗಿಕೊಂಡೇ ಹಾಲಿಗೆ ಬರುತ್ತೆ," ಎಂದಳು ಟ್ರೇಲರ್. "ಹಿಂದಿನ ಬಾಗಿಲ ಹತ್ತಿರ ಒಂದು ಅಟ್ಟಿ ಇದೆ, ಬಾಗಿಲ ಕಡೆ ಮೂಲೆ ಮಾತ್ರ ಸುರುಳಿಕೊಂಡಿದೆ. ಬಾಗಿಲ ಬುಡದಲ್ಲಿ ಮರದ ತುಂಡು ಸಿಕ್ಕಿಸಿದ ಗುರುತಿದೆ. ಕಾನ್ಸ್‌ಟೇಬಲ್ ಸಾಹೇಬ್ರೂ ನೋಡಿದ್ದಾರೆ. ಇನ್ನು ಅಲಾರಂ ವೈರಿನ ವಿಷಯ ನಾನು ಹೇಳ್ಲಾ, ನೀವೇ ಹೇಳ್ತೀರಾ?"

ಕೂಲ್ ಸರ್ ಕರ್ಚೀಫು ತೆಗೆದು ಹಣೆ ಒತ್ತಿಕೊಂಡ. ಇಡೀ ಪ್ರೆಸ್ಸಿನಲ್ಲಿ ಯಾರೂ ನೋಡದ ದೃಶ್ಯ ಅದು. ಥಿಯೇಟರಾಗಿದ್ದರೆ ಶಿಳ್ಳೆ ಬೀಳಬೇಕಿತ್ತು.

"ಅದು ಸುಮ್ಮಸುಮ್ಮನೆ ಕೂಗ್ತಿತ್ತು ಸರ್," ಎಂದ ಅವನು ಇನ್ಸ್‌ಪೆಕ್ಟರಿಗೆ. "ನಾನೇ ಕಿತ್ತಿಟ್ಟೆ. ಸರಿಯಿದೆ ಅಂತ ರಿಪೋರ್ಟ್ ಕೊಟ್ಟಿದ್ದೂ ನಾನೇ. ಕೆಲಸ ಹೋಗುತ್ತೆ, ಹೋಗ್ಲಿ. ಆದ್ರೆ ಕಾಗದಕ್ಕೂ ನನಗೂ ಸಂಬಂಧ ಇಲ್ಲ."

ಇನ್ಸ್‌ಪೆಕ್ಟರ್ ಎದ್ದು ನಿಂತ. "ಹಾಗಾದ್ರೆ ಹಿಂದಿನ ಬಾಗಿಲು ತೆರೆದಿತ್ತು."

"ತೆರೆದಿತ್ತು!" ಟ್ರೇಲರ್ ಭಾವನ ಕಡೆ ತಿರುಗಿ ಕಣ್ಣು ಹೊಡೆದಳು. ಗೆದ್ದೆವು ಭಾವ, ಏಳು, ಮನೆಗೆ ಹೋಗೋಣ.

ಭಾವ ಏಳಲಿಲ್ಲ.

ಕೂಲ್ ಸರ್ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ದನಿಗೆ ಮತ್ತೆ ತಂಪು ಬಂದಿತ್ತು.

"ಒಂದು ಮಾತು ಮರೆತಿರಿ ಪತ್ತೇದಾರಿ ಮೇಡಂ. ಆ ಬಾಗಿಲಿಗೆ ಹೊರಗಡೆ ಹಿಡಿಕೆ ಇಲ್ಲ. ಒಳಗಿಂದ ಸರಳು ಒತ್ತಿದ್ರೆ ಮಾತ್ರ ತೆರೆಯುತ್ತೆ. ಆ ದಿನ ಒಳಗೆ ಹೋಗಿದ್ದು ಯಾರು? ಕ್ಯಾಮೆರಾದಲ್ಲಿ ಯಾರಿದ್ದಾರೆ?"

ಟ್ರೇಲರಿನ ನಗೆ ಮುಖದ ಮೇಲೆಯೇ ಸಿಕ್ಕಿಕೊಂಡಿತು.

"ಇಷ್ಟು ದಿನ ಇನ್ಸ್‌ಪೆಕ್ಟರ್ ಹತ್ರ ಅನುಮಾನ ಒಂದೇ ಇತ್ತು," ಎಂದ ಕೂಲ್ ಸರ್. "ಊಟದ ಚೀಲದಲ್ಲಿ ಕಾಗದ ಹೋಯ್ತು ಅಂತ ತೋರಿಸೋಕೆ ಆಗ್ತಿರಲಿಲ್ಲ. ಈಗ ನೀವು ಬಾಗಿಲು ತೆಗೆದು ಕೊಟ್ರಿ. ನಿಮ್ಮ ಭಾವನೇ ಒತ್ತಿದ್ದು. ಲೆಕ್ಕ ಚೆನ್ನಾಗಿದೆ, ಥ್ಯಾಂಕ್ಸ್."

ಟ್ರೇಲರ್ ಮೇಜಿನ ಅಂಚು ಹಿಡಿದುಕೊಂಡಳು. ಅವಳು ತೋಡಿದ ಸುರಂಗದ ಇನ್ನೊಂದು ತುದಿ ಜೈಲಿನ ಅಂಗಳದಲ್ಲಿ ತೆರೆದುಕೊಂಡಿತ್ತು.

"ಭಾವ, ಏನಾದ್ರೂ ಹೇಳು."

ಭಾವ ತಲೆ ಎತ್ತಿದ. ಅವಳನ್ನು ನೋಡಲಿಲ್ಲ. ಇನ್ಸ್‌ಪೆಕ್ಟರನ್ನು ನೋಡಿ ಹೇಳಿದ, ಬಾಯಿಪಾಠ ಒಪ್ಪಿಸುವ ಹುಡುಗನ ಹಾಗೆ:

"ನಾನೇ ಸರ್. ರೌಂಡಿಗೆ ಹೋದಾಗ ಹಿಂದಿನ ಬಾಗಿಲು ತೆಗೆದೆ. ಓಣೀಲಿ ಒಬ್ಬ ನಿಂತಿದ್ದ. ಕಾಗದ ಕೊಟ್ಟೆ, ಬಾಗಿಲು ಹಾಕ್ದೆ. ಐದು ನಿಮಿಷ ಕೂಡ ಆಗ್ಲಿಲ್ಲ."

"ಯಾರು ಅವನು?"

"ಗೊತ್ತಿಲ್ಲ. ಮುಖ ಮುಚ್ಕೊಂಡಿದ್ದ."

"ಸರಿ, ನಡೀರಿ," ಎಂದ ಇನ್ಸ್‌ಪೆಕ್ಟರ್.

"ಒಂದು ನಿಮಿಷ." ಮಾತಾಡಿದ್ದು ಚಿಕ್ಕಮ್ಮ. ಅವಳಿನ್ನೂ ಬೋರ್ಡಿನ ಮುಂದೆಯೇ ಇದ್ದಳು. ಮಾರ್ಕರಿನ ಮುಚ್ಚಳ ಇನ್ನೂ ಹಾಕಿರಲಿಲ್ಲ. "ಎಷ್ಟು ಹೊತ್ತು ಅಂದೆ ಅಳಿಯ?"

"ಐದು ನಿಮಿಷ ಚಿಕ್ಕಮ್ಮ."

"ಐದು ನಿಮಿಷದಲ್ಲಿ ಆ ಡ್ರಮ್ಮಿನ ತಳ ಮುಚ್ಚೋಷ್ಟು ನೀರೂ ಬರಲ್ಲ."

ಅವಳು ಬರೆಯುತ್ತಾ ಹೋದಳು. ಐವತ್ತು ಲೀಟರ್ ಅಂದರೆ ಐವತ್ತು ಸಾವಿರ ಗ್ರಾಂ ನೀರು. ಕಿಲೋ ಗಾಳಿಗೆ ಎಂಟು ಗ್ರಾಮಿನಂತೆ ಹೆಚ್ಚುಕಡಿಮೆ ಆರು ಸಾವಿರ ಕಿಲೋ ಗಾಳಿ. ಇಡೀ ಹಾಲಿನ ಹೊಟ್ಟೆ ನಾಲ್ಕು ಸಲ ತುಂಬುವಷ್ಟು. ಗೇಣಗಲ ಸಂದಿಯಲ್ಲಿ ಅಷ್ಟು ಗಾಳಿ ನುಗ್ಗಬೇಕಾದರೆ, ಫಿರ್ಕಿಯ ಪ್ರಕಾರ...

"ನಾಲ್ಕು ಗಂಟೆ," ಎಂದಳು. "ಅವತ್ತು ಓಣೀಲಿ ಗಾಳಿ ಜೋರಾಗಿದ್ದಿದ್ರೆ ಮೂರು. ಮೆಲ್ಲಗಿದ್ದಿದ್ರೆ ಐದು. ನನ್ನ ಲೆಕ್ಕದಲ್ಲಿ ಅಷ್ಟು ತಪ್ಪಿರಬಹುದು. ನಿಮಿಷಗಳ ಮಾತಂತೂ ಅಲ್ಲ."

ಟ್ರೇಲರಿಗೆ ಉಸಿರು ಬಂತು. ಅದರ ಹಿಂದೆಯೇ ಮಾತೂ ಬಂತು, ಒಂದರ ಮೇಲೊಂದು.

"ಸರ್, ಭಾವ ಒಳಗಿದ್ದಿದ್ದು ಹತ್ತು ನಿಮಿಷ. ಆಮೇಲೆ ಸಂಜೆವರೆಗೂ ಗೇಟಲ್ಲೇ ಕೂತಿದ್ದ, ಕ್ಯಾಮೆರಾನೇ ಸಾಕ್ಷಿ. ಕದಿಯೋನು ಎರಡು ನಿಮಿಷದಲ್ಲಿ ಕದ್ದು ಓಡ್ತಾನೆ. ಬಾಗಿಲಿಗೆ ಮರದ ತುಂಡು ಕೊಟ್ಟು ನಾಲ್ಕು ಗಂಟೆ ಯಾಕೆ ತೆರೆದಿಡ್ತಾನೆ? ಕಿಂಡಿ ಮುಚ್ಚಿರೋ ಹಾಲು, ಇಂಕಿನ ವಾಸನೆ ಬೇರೆ. ಒಳಗೆ ಕೂತೋರಿಗೆ ಉಸಿರಾಡೋಕೆ ಗಾಳಿ ಬೇಕಿತ್ತು, ಅದಕ್ಕೆ ತೆರೆದಿಟ್ರು! ಭಾವ ಗೇಟಲ್ಲಿದ್ದಾಗ ಒಳಗೆ ಬೇರೆ ಯಾರೋ ಇದ್ರು. ಇವನು ಸುಳ್ಳು ಹೇಳ್ತಿದ್ದಾನೆ ಸರ್. ಇವನಿಗೆ ಸುಳ್ಳು ಹೇಳೋಕೂ ಬರಲ್ಲ!"

"ನಿಲ್ಸು!"

ಭಾವ ಎದ್ದು ನಿಂತಿದ್ದ. ಅವನು ಅವಳ ಮೇಲೆ ದನಿ ಎತ್ತಿದ್ದು ಇದೇ ಮೊದಲು. ಟಿವಿ ವಿಲನ್‌ಗಳಿಗೆ ಕೊಡುತ್ತಿದ್ದ ದನಿಯಲ್ಲ, ಇದು ಅವನದೇ.

"ನಿಲ್ಸು ಪುಟ್ಟಿ. ಯಾರು ಕೇಳಿದ್ರು ನಿನ್ನ ಲೆಕ್ಕಾನ? ನಾನೇ ಮಾಡ್ದೆ ಅಂತ ಹೇಳ್ತಿದ್ದೀನಲ್ಲ. ಮುಗೀತು." ಅವನು ಎರಡೂ ಕೈ ಜೋಡಿಸಿದ. "ನಿನ್ನ ಕಾಲು ಹಿಡೀತೀನಿ. ಬಿಟ್ಬಿಡು."

ಅವನನ್ನು ಬಿಡಿಸಲು ಬಂದವಳಿಗೆ ಅವನೇ ಕೈ ಮುಗಿಯುತ್ತಿದ್ದ. ಜೈಲಿಗೆ ಹೋಗಲು ಇಷ್ಟು ಗಡಿಬಿಡಿ ಯಾವ ಮನುಷ್ಯನಿಗೆ ಇರುತ್ತದೆ? ತನಗಿಂತ ಹೆಚ್ಚಿನದು ಯಾವುದೋ 'ಹೊರಗೆ' ಇರುವವನಿಗೆ.

ಇನ್ಸ್‌ಪೆಕ್ಟರ್ ಬೋರ್ಡಿನ ಹತ್ತಿರ ಹೋದ. ನಾಲ್ಕು ಎಂಬ ಅಂಕಿಯ ಮೇಲೆ ಪೆನ್ನಿಟ್ಟು, ಭಾವನ ಕಡೆಗೆ ತಿರುಗಿದ. ಈಗ ಅವನ ಮುಖದಲ್ಲಿ ಆಯಾಸವೇ ಇರಲಿಲ್ಲ.

"ಸರಿ. ನಾಲ್ಕು ಗಂಟೆ. ರೌಂಡಿಗೆ ಹೋದಾಗ ಹಿಂದಿನ ಬಾಗಿಲು ತೆಗೆದು ಒಳಗೆ ಯಾರನ್ನ ಬಿಟ್ಟಿದ್ರಿ?"

ಭಾವನ ಕಣ್ಣು ಕ್ಯಾಬಿನ್ ಬಾಗಿಲಿನ ಕಡೆ ಹೋಯಿತು.

ಬಾಗಿಲು ಕಿರ್ ಎಂದಿತು. ಹೊಸಿಲ ಮೇಲೆ ಅಕ್ಕ ನಿಂತಿದ್ದಳು, ಬಟ್ಟೆಯ ಚೀಲವನ್ನು ಎದೆಗವುಚಿಕೊಂಡು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ. ಅವಳ ಕಣ್ಣು ಗಂಡನ ಮೇಲಿರಲಿಲ್ಲ, ತಂಗಿಯ ಮೇಲೂ ಇರಲಿಲ್ಲ. ಬಿಳಿ ಬೋರ್ಡಿನ ಅಂಕಿಗಳ ಮೇಲಿತ್ತು.

"ಬೇಡ," ಎಂದ ಭಾವ, ಉಸಿರಿನಲ್ಲೇ. "ನೀನು ಹೊರಗೆ ಹೋಗು."

ಅಕ್ಕ ಹೋಗಲಿಲ್ಲ.

"ಚಿಕ್ಕಮ್ಮ," ಎಂದಳು, ತೀರಾ ಮೆಲ್ಲಗೆ. "ಒಳಗೆ ಎಷ್ಟು ಜನ ಇದ್ರು ಅಂತಾನೂ ಆ ನೀರಲ್ಲಿ ಗೊತ್ತಾಗಿಬಿಡುತ್ತಾ?"